ಬೆಳೆಯಬಾರದ ಕುದುರೆ

ನಮ್ಮ ಟೈಲರಿಗೆ ಹೆತ್ತವರು ಇಟ್ಟ ಹೆಸರು ಏನೋ ಒಂದು ಇದ್ದಿರಲೇಬೇಕು. ಬೀದಿಯವರಿಗೆ ಅದು ಮರೆತುಹೋಗಿ ಎಷ್ಟೋ ಕಾಲವಾಗಿತ್ತು. ಎಲ್ಲರ ಬಾಯಲ್ಲೂ ಅವನು ‘ಆದ್ರೂ ಟೈಲರ್’. ಯಾರು ಏನೇ ಹೇಳಲಿ, ಅವನು ಪೂರ್ತಿ ಕೇಳುತ್ತಿದ್ದ, ತಲೆಯಾಡಿಸುತ್ತಿದ್ದ, ಬಾಯಲ್ಲಿದ್ದ ಗುಂಡುಸೂಜಿಯನ್ನು ಎಡದಿಂದ ಬಲಕ್ಕೆ ಸರಿಸಿ, “ಎಲ್ಲಾ ಸರಿ, ಆದ್ರೂ...” ಎನ್ನುತ್ತಿದ್ದ. ಹೊರಗೆ ಬಿಸಿಲಿದೆ ಎಂದರೂ ಆದ್ರೂ, ಮಳೆ ಬಂತು ಎಂದರೂ ಆದ್ರೂ.

ಹೀಗಾಗಿ ಅವನ ಮನೆಗೆ ಬಂದ ಸಾಮಾನು ನಿಲ್ಲುತ್ತಿರಲಿಲ್ಲ. ಗೋಡೆ ಗಡಿಯಾರ ಬಂತು. ಅದು ಅಂಗಡಿಯವನ ಕೈಗಡಿಯಾರದ ಜೊತೆ ಚೂರೂ ಹೆಚ್ಚುಕಮ್ಮಿಯಿಲ್ಲದೆ ಹೊಂದಿಕೊಂಡಿತ್ತು. “ಇವೆರಡೂ ಮೊದಲೇ ಮಾತಾಡ್ಕೊಂಡಿವೆ” ಎಂದು ವಾಪಸ್ ಕೊಟ್ಟ. ಫ್ಯಾನು ಬಂತು, ಸದ್ದಿಲ್ಲದೆ ತಿರುಗಿತು. ಇಷ್ಟು ಸುಮ್ಮನಿರುವುದು ಏನನ್ನೋ ಮುಚ್ಚಿಡುತ್ತಿದೆ ಎಂದು ಅದೂ ಹೋಯಿತು. ಕೊನೆಗೆ ಒಂದು ನಾಯಿಮರಿ ಬಂತು. ಬಂದ ಗಳಿಗೆಯಲ್ಲೇ ಅವನನ್ನು ನೋಡಿ ಬಾಲ ಆಡಿಸಿತು. “ಪರಿಚಯವಿಲ್ಲದ ನನಗೇ ಹೀಗೆ ಆಡಿಸೋದು, ಕಳ್ಳನಿಗೆ ಆಡಿಸದೆ ಬಿಡುತ್ತಾ?” ಎಂದ. ಎಂಟು ವರ್ಷದ ಮಗಳು ಅದಕ್ಕೆ ಹಾಸಿಗೆ ಮಾಡಿ, ಬಟ್ಟಲು ತೊಳೆದಿಟ್ಟು, ತನ್ನ ಹಳೇ ಲಂಗದ ತುಂಡಿನಿಂದ ಕೊರಳಪಟ್ಟಿ ಹೊಲಿದಿದ್ದಳು. ನಾಯಿಮರಿ ಕೊರಳಪಟ್ಟಿಯ ಸಮೇತ ವಾಪಸ್ ಹೋಯಿತು. ಆವತ್ತಿನಿಂದ ಆ ಹುಡುಗಿ ಮನೆಗೆ ಏನೇ ಬಂದರೂ ಕೈ ಹಿಂದೆ ಕಟ್ಟಿಕೊಂಡು ದೂರದಿಂದ ನೋಡುತ್ತಿದ್ದಳು.

ಇಡೀ ಪ್ರಪಂಚದಲ್ಲಿ ಅವನು ಅನುಮಾನಿಸದ ವಸ್ತು ಒಂದೇ. ಅದು ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪು. ಅವನ ಗುರು ಕೊಟ್ಟದ್ದು. ತುದಿಯ ಹಿತ್ತಾಳೆ ಬಿಲ್ಲೆ ಯಾವಾಗಲೋ ಬಿದ್ದುಹೋಗಿತ್ತು, ಶುರುವಿನ ಅಂಕಿಗಳು ಬೆವರಿಗೆ ಅಳಿಸಿಹೋಗಿದ್ದವು. ಅವನಿಗೆ ಅದರಿಂದ ತೊಂದರೆಯೇ ಇರಲಿಲ್ಲ. ಎಡಗೈಯಲ್ಲಿ ತುದಿ ಹಿಡಿಯುವುದು, ಬಲಗೈಯಲ್ಲಿ ಅಂಕಿ ಓದುವುದು. ಎಡಗಡೆ ನೋಡಿದ ನೆನಪೇ ಅವನಿಗಿರಲಿಲ್ಲ.

ಕುದುರೆಯ ರಗಳೆ ಹುಟ್ಟಿದ್ದು ಬೀದಿಯ ಮೂಲೆಯಲ್ಲಿ. ಅಲ್ಲಿ ಒಂದು ರೆಡಿಮೇಡ್ ಬಟ್ಟೆ ಅಂಗಡಿ ಬಂತು. ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಕುದುರೆ. ಗುಂಡಿ ಒತ್ತಿದರೆ ಕುಲುಕುತ್ತ ಹಾಡುತ್ತಿತ್ತು. ಮಕ್ಕಳು ಅಪ್ಪ ಅಮ್ಮಂದಿರನ್ನು ದರದರ ಎಳೆದುಕೊಂಡು ಅಲ್ಲಿಗೇ ಓಡಿದವು. ಟೈಲರಿಗೆ ಮೈಯೆಲ್ಲಾ ಉರಿಯಿತು. ನಡುಬೀದಿಯಲ್ಲಿ ನಿಂತು, “ಅವನು ಪ್ಲಾಸ್ಟಿಕ್ಕಿಂದು ಇಟ್ಟಿದಾನೆ. ನಾನು ಜೀವ ಇರೋ ಕುದುರೇನೇ ತಂದು ನಿಲ್ಲಿಸ್ತೀನಿ, ನೋಡ್ತಿರಿ!” ಎಂದುಬಿಟ್ಟ. ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಸಂಜೆಯೊಳಗೆ ಬೀದಿಯಲ್ಲಿ ಅದನ್ನು ಕೇಳದವರು ಯಾರೂ ಉಳಿಯಲಿಲ್ಲ. ಮಾರನೆಯ ದಿನ ಷರ್ಟಿನ ಗುಂಡಿ ಹಾಕಿಸಲು ಬಂದವರೂ “ಕುದುರೆ ಯಾವಾಗ?” ಎಂದೇ ಕೇಳಿದರು.

ಊರಾಚೆ ಗಿಡ್ಡ ಕುದುರೆಗಳನ್ನು ಸಾಕುವ ಮುದುಕನೊಬ್ಬನಿದ್ದ. ಎಲ್ಲರೂ ಅವನನ್ನು ಕುದುರೆಯಜ್ಜ ಎನ್ನುತ್ತಿದ್ದರು. ಅವನ ಕುದುರೆಗಳು ಎಷ್ಟು ಬೆಳೆದರೂ ಊಟದ ಮೇಜಿನ ಎತ್ತರ ದಾಟುತ್ತಿರಲಿಲ್ಲ. ಹೆಂಡತಿ, ಮಗಳ ಜೊತೆ ಟೈಲರ್ ಹೋಗಿ ಬೇಲಿಯ ಬಳಿ ನಿಂತ. ಕಂದು ಬಣ್ಣದ ಒಂದು ಮರಿ ಬಂದು ಅವನ ಅಂಗಿಯ ಅಂಚನ್ನು ಬಾಯಿಗೆ ಹಾಕಿಕೊಂಡಿತು.

“ಇದು ತಾಯಿ ಹಾಲು ಬಿಟ್ಟಾಗಿದೆ,” ಎಂದ ಅಜ್ಜ. “ಈಗ ಇಪ್ಪತ್ತಾರು ಇಂಚು. ಎಷ್ಟು ಬೆಳೆದರೂ ಮೂವತ್ತೆರಡು ದಾಟಲ್ಲ. ಕೊಂಡ್ಕೊಳ್ಳಿ, ತಗೊಂಡು ಹೋಗಿ.”

“ಇಷ್ಟು ಒಳ್ಳೇ ಮರೀನ ಯಾಕೆ ಮಾರ್ತಾ ಇದೀರಿ?”

“ಮಾರೋದೇ ನನ್ನ ಕಸುಬು ಕಣಪ್ಪ.”

ಟೈಲರ್ ಹೆಂಡತಿಯ ಕಡೆ ತಿರುಗಿ ಕಣ್ಣು ಸಣ್ಣದು ಮಾಡಿದ. ತಾನೇ ಒಪ್ಪಿಕೊಂಡನಲ್ಲ, ನೋಡಿದೆಯಾ ಎಂದು ಅದರ ಅರ್ಥ.

“ಕೊಳ್ಳೋಕೆ ಧೈರ್ಯ ಇಲ್ದಿದ್ರೆ ಬಾಡಿಗೆಗೆ ಒಯ್ಯಿರಿ. ಹೊಂದಿಕೊಂಡ್ರೆ ಇಟ್ಕೊಳ್ಳಿ.”

“ಬಾಡಿಗೆಗಾ? ಕೈಬಿಡೋಕೆ ಮನಸ್ಸಿಲ್ಲ, ಇಟ್ಕೊಳ್ಳೋಕೂ ಮನಸ್ಸಿಲ್ಲ. ಅಂದ್ರೆ ಅದರಲ್ಲೇನೋ ಇದೆ.”

ಅಜ್ಜ ತಾಳ್ಮೆಯವನು. “ಹಾಗಾದ್ರೆ ಒಂದು ಹೆಣ್ಣುಕುದುರೆ ಒಯ್ಯಿರಿ. ಗಂಡು ಕೂಡಿಸಿ ಕೊಡ್ತೀನಿ, ನಿಮ್ಮ ಕಣ್ಮುಂದೇನೇ ಮರಿ ಹಾಕುತ್ತೆ. ಅನುಮಾನಕ್ಕೆ ಜಾಗಾನೇ ಇರಲ್ಲ.”

“ಹುಟ್ಟೋಕೆ ಎಷ್ಟು ದಿನ?”

“ಹನ್ನೊಂದು ತಿಂಗಳು.”

“ಹನ್ನೊಂದು ತಿಂಗಳು ಹೊಟ್ಟೆಯೊಳಗೆ ಏನು ನಡೀತಿದೆ ಅಂತ ಯಾರು ನೋಡ್ತಾರೆ?” ಎಂದ ಟೈಲರ್. ಕುದುರೆಯಜ್ಜ ಬೇಲಿಗೆ ಒರಗಿ ಆಕಾಶ ನೋಡಿದ. ಅವನ ಕಸುಬಿನಲ್ಲಿ ಕಚ್ಚುವ ಕುದುರೆ, ಒದೆಯುವ ಕುದುರೆ ಎಲ್ಲವನ್ನೂ ಕಂಡಿದ್ದ, ಇಂಥ ಗಿರಾಕಿಯನ್ನು ಕಂಡಿರಲಿಲ್ಲ.

ಟೈಲರ್ ಕೊರಳ ಟೇಪು ತೆಗೆದು ತಾನೇ ಅಳೆದ. ಎಡಗಾಲಿನ ಹೆಬ್ಬೆರಳಲ್ಲಿ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ, ಮರಿಯ ಹೆಗಲವರೆಗೆ ಎಳೆದ. ಇಪ್ಪತ್ತಾರು. ಅಜ್ಜ ಹೇಳಿದ್ದಕ್ಕೆ ಸರಿಯಾಗಿ ಹೊಂದಿದ್ದರಿಂದ ಅನುಮಾನ ಇನ್ನೂ ಬಲವಾಯಿತು. ಕೊನೆಗೆ ಬಾಡಿಗೆಯೇ ಆಗಲಿ ಎಂದ. ಅದರಲ್ಲಿ ಸಾವಕಾಶವಾಗಿ ಅನುಮಾನಪಡಲು ಒಂದು ತಿಂಗಳ ಅವಕಾಶವಿತ್ತು.

“ಒಂದು ಮಾತು,” ಎಂದ ಅಜ್ಜ ಹಗ್ಗ ಕೊಡುತ್ತ. “ಇದನ್ನ ಒಂಟಿಯಾಗಿ ಬಿಡಬೇಡಿ. ಜೊತೆ ಯಾರೂ ಇಲ್ದಿದ್ರೆ ಬೇಜಾರಿಗೆ ಸಿಕ್ಕಿದ್ದನ್ನೆಲ್ಲಾ ಕಡಿಯುತ್ತೆ. ಈ ಮಗು ಇದೆಯಲ್ಲ, ಆಟಕ್ಕೆ ಸರಿಹೋಗುತ್ತೆ.”

ಮಗು ಕೈ ಹಿಂದೆ ಕಟ್ಟಿಕೊಂಡೇ ನಿಂತಿತ್ತು. ದಾರಿಯಲ್ಲಿ ತಾಯಿ ಹೇಳಿದಳು, “ಮುಟ್ಟಿ ನೋಡೇ, ಎಷ್ಟು ಮೆತ್ತಗಿದೆ.”

“ಬೇಡಮ್ಮ. ಸುಮ್ನೆ ರೂಢಿ ಆಗತ್ತೆ. ಆಮೇಲೆ ಅಪ್ಪ ವಾಪಸ್ ಕೊಡ್ತಾರೆ.”

ಹೆಂಡತಿ ಗಂಡನ ಕಡೆ ನೋಡಿದಳು. ಟೈಲರಿಗೆ ಮಾತು ಕೇಳಿಸಿತ್ತು. ನೆಟ್ಟಗೆ ಎದೆಗೇ ತಾಗಿತು. ಈ ಸಲ ಕೊಡಬಾರದು, ಹೇಗಾದರೂ ಕೊಡಬಾರದು ಎಂದು ಮನಸ್ಸಿನಲ್ಲೇ ಅಂದುಕೊಂಡ. ಆದ್ರೂ ಒಂದು ಸಲ ಮರಿಯ ಹಲ್ಲು ನೋಡಿದ.

ಮರಿಯನ್ನು ಅಂಗಡಿಯಲ್ಲಿ ಹೊಲಿಗೆ ಮೆಷಿನ್ನಿನ ಎಡಗಡೆ ಕಟ್ಟಿದರು. ಮುಂದೆ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಟೈಲರಿಗೆ ಗೊತ್ತಾಗುವತನಕ ಕಾಯುವುದು ಓದುವವರಿಗೆ ಹಿಂಸೆ. ಅವನು ತಲೆ ತಗ್ಗಿಸಿ ಹೊಲಿಯುವಾಗ ಕೊರಳ ಟೇಪಿನ ಎಡತುದಿ ಮರಿಯ ಮೂತಿಯ ಮುಂದೆಯೇ ತೂಗಾಡುತ್ತಿತ್ತು. ಜೊತೆಗೆ ಯಾರೂ ಇರಲಿಲ್ಲ. ಹುಡುಗಿ ಮೆಟ್ಟಿಲ ಮೇಲೆ ದೂರ ಕೂರುತ್ತಿದ್ದಳು. ಮರಿ ಟೇಪು ಕಡಿಯಿತು. ಇವತ್ತು ಒಂದು ಚೂರು, ನಾಳೆ ಒಂದು ಚೂರು. ಕೊರಳಲ್ಲಿ ಮೆಲ್ಲಗೆ ಜಗ್ಗಿದಂತಾದಾಗಲೆಲ್ಲ ಟೈಲರ್, “ನೋಡು, ಪ್ರೀತಿಯಿಂದ ಕರೀತಿದೆ” ಎಂದು ಹಿಗ್ಗುತ್ತಿದ್ದ.

ಟೇಪಿನ ಶುರುವಿನಲ್ಲಿ ಒಂದಿಂಚು ಹೋದರೆ ಅಳೆದದ್ದೆಲ್ಲ ಒಂದಿಂಚು ಜಾಸ್ತಿ ಬರುತ್ತದೆ. ಆದರೆ ಬಟ್ಟೆ ಕತ್ತರಿಸುವುದೂ ಅದೇ ಟೇಪಿನಲ್ಲಿ. ಮೈಮೇಲೆ ಜಾಸ್ತಿ ಬಂದದ್ದು ಬಟ್ಟೆಯಲ್ಲಿ ಅಷ್ಟೇ ಕಮ್ಮಿಯಾಗಿ ಅಂಗಿ ಮೈಗೆ ಸರಿಯಾಗಿಯೇ ಕೂರುತ್ತಿತ್ತು. ಹಾಗಾಗಿ ಯಾರೂ ಟೇಪಿನ ಮೇಲೆ ಕಣ್ಣು ಹಾಕಲಿಲ್ಲ. ಅಂಕಿಗಳು ಮಾತ್ರ ಏರುತ್ತಾ ಹೋದವು.

ಮೊದಲು ಏರಿದ್ದು ಮರಿ. ಪ್ರತಿ ಬೆಳಗ್ಗೆ ಅಂಗಡಿ ತೆಗೆದ ಕೂಡಲೇ ಅಳೆಯುತ್ತಿದ್ದ. ಇಪ್ಪತ್ತೇಳಾಯಿತು, ಇಪ್ಪತ್ತೆಂಟಾಯಿತು. “ಮುದುಕ ದೊಡ್ಡ ಕುದುರೆ ಮರೀನ ಗಿಡ್ಡದು ಅಂತ ನನ್ನ ಕೊರಳಿಗೆ ಕಟ್ಟಿದಾನೆ ಕಣೇ,” ಎಂದ ಹೆಂಡತಿಯ ಕಿವಿಯಲ್ಲಿ.

“ಅಲ್ಲಾ, ನನ್ನ ಕಣ್ಣಿಗೆ ಇದ್ದ ಹಾಗೇ ಕಾಣತ್ತೆ.”

“ನಿನ್ನ ಕಣ್ಣಿನ ಮೇಲೆ ಅಂಕಿ ಬರೆದಿದೆಯಾ?”

ಆಮೇಲೆ ಬೀದಿಯೂ ಏರತೊಡಗಿತು. ಎದುರು ಮನೆಯಾಕೆಯ ಮಗ ತರಗತಿಯಲ್ಲೇ ಕುಳ್ಳ. ಅವನ ಚಿಂತೆಯಲ್ಲಿ ಆಕೆ ಸೊರಗಿಹೋಗಿದ್ದಳು. ಶಾಲೆಯ ಬಟ್ಟೆಗೆ ಅಳತೆ ಕೊಡಿಸಲು ಬಂದಾಗ ಹುಡುಗ ಹಿಂದಿನ ಸಲಕ್ಕಿಂತ ಪೂರಾ ಎರಡಿಂಚು ಎತ್ತರ. ಆಕೆ ಮಗನನ್ನು ನೋಡಿದಳು, ಕುದುರೆಯನ್ನು ನೋಡಿದಳು, ಎದೆ ಹಿಡಿದುಕೊಂಡು ಕೂತಳು.

“ಅಣ್ಣಾ, ಇದು ಈ ಕುದುರೆ ಗಾಳೀನೇ! ದಿನಾ ಕರ್ಕೊಂಡು ಬಂದು ಪಕ್ಕದಲ್ಲಿ ನಿಲ್ಲಿಸ್ತೀನಿ, ಬೇಡ ಅನ್ಬೇಡಿ.”

ಮಾರನೆಯ ದಿನದಿಂದ ಅಂಗಡಿಯ ಮುಂದೆ ಕುಳ್ಳ ಮಕ್ಕಳ ಸಾಲು. ಮೂಲೆಯ ಪ್ಲಾಸ್ಟಿಕ್ ಕುದುರೆ ಒಂಟಿಯಾಗಿ ಹಾಡುತ್ತ ಕುಲುಕುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ನಮ್ಮವನು ಮಾತ್ರ ಇಷ್ಟೊಂದು ಜನ ಯಾಕೆ ಬರುತ್ತಿದ್ದಾರೆ ಎಂದು ತಲೆ ಕೆಡಿಸಿಕೊಂಡ.

ಮಕ್ಕಳು ಬೆಳೆದರೆ ಸಂತೋಷ. ದೊಡ್ಡವರು ಬೆಳೆದದ್ದು ಅಡ್ಡಡ್ಡ. ಪುರಸಭೆಯ ಆರೋಗ್ಯ ನಿರೀಕ್ಷಕರು, ಬೀದಿಯವರ ಬಾಯಲ್ಲಿ ಸಾಹೇಬರು, ತಮ್ಮ ಸೊಂಟದ ಬಗ್ಗೆ ಬಹಳ ಹೆಮ್ಮೆಯುಳ್ಳವರು. ಮದುವೆಯಾದಾಗಿನಿಂದ ಮೂವತ್ತೆಂಟು, ಒಂದು ಇಂಚೂ ಅಲುಗಿಲ್ಲ ಎಂದು ಕಚೇರಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಅವರು ಬಂದದ್ದು ಕುದುರೆಯ ವಿಚಾರಣೆಗೆ.

“ನೋಡ್ರೀ, ಮೂವತ್ತೆರಡು ಇಂಚಿನ ಒಳಗಿದ್ರೆ ಅದು ಸಾಕುಪ್ರಾಣಿ. ದಾಟಿದ್ರೆ ಕುದುರೆ. ಕುದುರೇನ ಬೀದೀಲಿ ಕಟ್ಟೋ ಹಾಗಿಲ್ಲ, ಎಬ್ಬಿಸಬೇಕಾಗತ್ತೆ. ಹಾಂ, ಬಂದಿದೀನಲ್ಲ, ಒಂದು ಪ್ಯಾಂಟಿಗೆ ಅಳತೆ ತಗೊಳ್ಳಿ.”

ಟೈಲರ್ ಟೇಪು ಸುತ್ತಿದ. “ನಲವತ್ತೊಂದು.”

“ಏನಂದ್ರಿ?”

“ನಲವತ್ತೊಂದು ಸಾಹೇಬ್ರೇ. ಷರ್ಟಿನೊಳಗೆ ಏನಾದ್ರೂ ಇಟ್ಕೊಂಡಿದೀರಾ?”

ಸಾಹೇಬರ ಮುಖ ಸುಣ್ಣವಾಯಿತು. ಅಳತೆ ಸಾಕೆಂದು ಕೈಯಾಡಿಸಿ ಹೊರಟುಹೋದರು. ಆವತ್ತಿನಿಂದ ಮಧ್ಯಾಹ್ನದ ಊಟ ಬಿಟ್ಟರು. ಹಸಿದ ಅಧಿಕಾರಿಯ ಕೈಕೆಳಗೆ ಇಡೀ ಕಚೇರಿ ನಡುಗಿತು. ವಾರ ಕಳೆದು ಒಂದು ಬೆಳಗ್ಗೆ ಮತ್ತೆ ಬಂದು, ಉಸಿರು ಎಳೆದುಕೊಂಡು, ಕಣ್ಣು ಮುಚ್ಚಿ ನಿಂತರು. ನಲವತ್ತೆರಡು.

“ಉಪವಾಸ ಮಾಡಿದ್ರೂ ಏರ್ತಾ ಇದೆಯಲ್ಲಯ್ಯಾ!”

“ಎಲ್ಲಾ ಸರಿ, ಆದ್ರೂ... ನಿಜವಾಗ್ಲೂ ಉಪವಾಸ ಮಾಡಿದ್ರಾ?” ಎಂದ ಟೈಲರ್. ಸಾಹೇಬರು ಸಂಜೆಗೆ ಪ್ಯಾಂಟು ಬೇಕು ಎಂದು ಗುಡುಗಿ ಹೋದರು. ಮಧ್ಯಾಹ್ನ ಟೈಲರ್ ಒಂದು ಕೋಟಿನ ತೋಳು ಕೂಡಿಸುತ್ತ ಮೈಮರೆತಿದ್ದಾಗ ಮರಿ ಎರಡಿಂಚು ಒಂದೇ ಸಲಕ್ಕೆ ತಿಂದಿತು. ಆಮೇಲೆಯೇ ಅವನು ಸಾಹೇಬರ ಪ್ಯಾಂಟು ಕತ್ತರಿಸಿದ್ದು.

ಆವತ್ತೇ ಹೆಂಡತಿಯ ಅಣ್ಣ ಬಂದ. ನಿವೃತ್ತ ಗಣಿತದ ಮೇಷ್ಟ್ರು. ಲೆಕ್ಕ ತಪ್ಪಿದವರನ್ನು ಇದುವರೆಗೂ ಕ್ಷಮಿಸಿದವನಲ್ಲ. ಅವನ ಎದುರಿಗೇ ಟೈಲರ್ ಮರಿಯನ್ನು ಅಳೆದ. ಮೂವತ್ತೆರಡೂವರೆ.

“ಬಂದು ಒಂದು ತಿಂಗಳು, ಹೆಚ್ಚುಕಮ್ಮಿ ಆರಿಂಚು,” ಎಂದ ಮೇಷ್ಟ್ರು. “ವರ್ಷಕ್ಕೆ ಆರಡಿ. ಮೂರು ವರ್ಷಕ್ಕೆ ಹದಿನೆಂಟು ಅಡಿ. ನೋಡಯ್ಯಾ, ಅಷ್ಟೆತ್ತರದ ಕುದುರೆ ಮಹಡಿ ಕಿಟಕಿಯಿಂದ ನಿನ್ನ ಹಾಸಿಗೆ ಇಣುಕಿ ನೋಡತ್ತೆ.”

“ಭಾವಾ, ಹೆದರಿಸಬೇಡಿ.”

“ನಾನೆಲ್ಲಿ ಹೆದರಿಸಿದೆ? ತ್ರೈರಾಶಿ ಲೆಕ್ಕ ಹೆದರಿಸಿದ್ದು.”

ಮರಿ ಪುರಸಭೆಯ ಮಿತಿ ದಾಟಿತ್ತು, ಅಜ್ಜನ ಮಾತೂ ದಾಟಿತ್ತು. ಮೆಟ್ಟಿಲ ಮೇಲೆ ಕೂತಿದ್ದ ಮಗಳು ಇದನ್ನೆಲ್ಲ ಕೇಳಿಸಿಕೊಂಡು, “ನಾನು ಹೇಳ್ಲಿಲ್ವಾ?” ಎನ್ನುವ ಹಾಗೆ ಅಮ್ಮನ ಮುಖ ನೋಡಿದಳು. ಆ ನೋಟ ಟೈಲರಿಗೆ ಹದಿನೆಂಟು ಅಡಿಗಿಂತ ಹೆಚ್ಚು ಸಂಕಟ ಕೊಟ್ಟಿತು. ಆ ಸಂಕಟವನ್ನೆಲ್ಲ ಅವನು ಕುದುರೆಯಜ್ಜನ ಮೇಲೆ ತಿರುಗಿಸಿದ. ಮೋಸ, ದಗಾ, ಬೀದಿಯವರೆಲ್ಲರ ಎದುರು ಉತ್ತರ ಕೊಡಲಿ ಎಂದು ಹೇಳಿಕಳಿಸಿದ.

ಸಂಜೆ ಅಜ್ಜ ಬಂದ. ಅಂಗಡಿಯ ಮುಂದೆ ಆಗಲೇ ಜನ. ಟೈಲರ್ ಬಾಯಲ್ಲಿದ್ದ ಗುಂಡುಸೂಜಿ ಉಗುಳಿ ಆರೋಪ ಶುರುಮಾಡಿದ. ಅರ್ಧ ದಾರಿಗೆ ಬಂದಿದ್ದನೋ ಇಲ್ಲವೋ, ಜನರನ್ನು ಸೀಳಿಕೊಂಡು ಸಾಹೇಬರು ನುಗ್ಗಿದರು. ತೊಟ್ಟಿದ್ದು ಹಳೇ ಪ್ಯಾಂಟು, ಕೈಯಲ್ಲಿ ಹೊಸದು.

“ಏನ್ರೀ ಇದು! ಬೆಳಗ್ಗೆ ಅಳತೆ, ಸಂಜೆ ಪ್ಯಾಂಟು, ಗುಂಡಿ ಹಾಕೋಕೆ ಆಗ್ತಿಲ್ಲ! ಒಂದೇ ದಿನದಲ್ಲಿ ಎಷ್ಟು ಊದಬಹುದು ಮನುಷ್ಯ? ಅದೂ ಹೊಟ್ಟೆಗೇನೂ ಹಾಕ್ದೆ!”

“ನಲವತ್ತೆರಡಕ್ಕೆ ಸರಿಯಾಗಿ ಹೊಲಿದಿದೀನಿ ಸಾಹೇಬ್ರೇ.”

ಸಾಹೇಬರ ಜೇಬಿನಲ್ಲಿ ಚರಂಡಿ ಅಳೆಯುವ ಸ್ಟೀಲ್ ಟೇಪು ಇತ್ತು. ಅದನ್ನು ಸರ್ರನೆ ಎಳೆದು ಪ್ಯಾಂಟಿನ ಸೊಂಟ ಹಿಡಿದರು. ಮೂವತ್ತಾರು. ಮೇಷ್ಟ್ರು ಬಗ್ಗಿ ನೋಡಿ ಮೂವತ್ತಾರೇ ಎಂದ. ಸಾಹೇಬರು ಏನೋ ಹೊಳೆದವರಂತೆ ಆ ಸ್ಟೀಲ್ ಟೇಪನ್ನು ತಮ್ಮ ಸೊಂಟಕ್ಕೇ ಸುತ್ತಿಕೊಂಡರು.

“ಮೂವತ್ತೆಂಟು!” ಎಂದು ಕೂಗಿದರು. “ಮೂವತ್ತೆಂಟು ಕಣ್ರೀ! ಅಲುಗಿಲ್ಲ!”

ಕುದುರೆಯಜ್ಜ ಅವರ ಕೈಯಿಂದ ಸ್ಟೀಲ್ ಟೇಪು ಇಸಿದುಕೊಂಡು ಮರಿಯ ಪಕ್ಕ ನಿಲ್ಲಿಸಿದ. ಇಪ್ಪತ್ತಾರೂವರೆ. ಆಮೇಲೆ ಒಂದು ಮಾತೂ ಆಡದೆ ಟೈಲರ್ ಕೊರಳ ಟೇಪಿನ ಎಡತುದಿಯನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿದ. ಒದ್ದೆ ಒದ್ದೆಯಾಗಿ, ಹಲ್ಲಿನ ಗುರುತು ಬಿದ್ದು, ಮೊದಲ ಅಂಕಿಯೇ ಏಳು. ಮರಿ ಮೂತಿ ಚಾಚಿ ಅದನ್ನು ಮತ್ತೆ ಬಾಯಿಗೆ ಹಾಕಿಕೊಂಡಿತು.

ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಎದುರು ಮನೆಯಾಕೆ ಮಾತ್ರ ನಗಲಿಲ್ಲ. “ಹಾಗಾದ್ರೆ ನನ್ನ ಮಗ?” ಎಂದಳು.

“ಇದ್ದ ಹಾಗೇ ಇದಾನಮ್ಮ,” ಎಂದ ಮೇಷ್ಟ್ರು. ಆಕೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಟೈಲರ್ ಆ ಟೇಪನ್ನೇ ನೋಡುತ್ತ ನಿಂತಿದ್ದ. ಅವನು ಎಲ್ಲರನ್ನೂ ಅನುಮಾನಿಸಿ ಇದೊಂದನ್ನು ನಂಬಿದ್ದ. ಅಜ್ಜ ಮಾತ್ರ ಒಂದು ಸುಳ್ಳೂ ಹೇಳಿರಲಿಲ್ಲ. ನಾಚಿಕೆಯಿಂದ ಮುಖ ಕೆಂಪಾಯಿತು. ಜೊತೆಗೇ ಸಂತೋಷವೂ ಉಕ್ಕಿತು. ಮರಿ ಬೆಳೆದಿಲ್ಲ! ವಾಪಸ್ ಕೊಡಬೇಕಾಗಿಲ್ಲ!

“ಅಜ್ಜಾ, ತಪ್ಪಾಯ್ತು. ಬಾಡಿಗೆ ಬೇಡ. ನಾನು ಕೊಂಡ್ಕೋತೀನಿ, ಇವತ್ತೇ.”

ಅಜ್ಜ ಆಗಲೇ ಮರಿಯ ಹಗ್ಗ ಬಿಚ್ಚುತ್ತಿದ್ದ. “ಎಲ್ಲಾ ಸರಿ ಕಣಪ್ಪ,” ಎಂದ. “ಆದ್ರೂ...”

ಟೈಲರಿಗೆ ಜೀವ ಬಾಯಿಗೆ ಬಂತು. ಆ ಮಾತು ಕೇಳಿಸಿಕೊಳ್ಳುವವರಿಗೆ ಹೇಗಿರುತ್ತದೆ ಎಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ.

“ಆದ್ರೂ ನಿನಗೆ ಕೊಡೋಕೆ ನನಗೆ ಮನಸ್ಸಿಲ್ಲ. ಇವತ್ತು ಬೆಳೀತು ಅಂದೆ. ನಾಳೆ ಸೀನ್ತು ಅಂತೀಯ, ನಾಡಿದ್ದು ಬಾಲ ಆಡಿಸ್ತು ಅಂತೀಯ. ಜೀವ ಕಣಪ್ಪ ಇದು, ಬಿಚ್ಚಿ ಹೊಲಿಯೋಕೆ ಷರ್ಟಲ್ಲ. ಒಂದು ಮನೆಗೆ ಹೊಂದಿಕೊಂಡ ಮೇಲೆ ವಾಪಸ್ ಬಂದ್ರೆ ಮೇವು ಬಿಟ್ಟು ಕೂರುತ್ತೆ.” ಅಜ್ಜ ಜನರ ಕಡೆ ತಿರುಗಿದ. “ನೀವೇ ಹೇಳಿ. ಈ ಮನುಷ್ಯ ಮನೆಗೆ ತಂದದ್ದನ್ನ ಇಟ್ಕೊಳ್ಳೋನೋ, ವಾಪಸ್ ಕೊಡೋನೋ?”

ನಗು ನಿಂತಿತು. ಗಡಿಯಾರ ವಾಪಸ್ ಹೋದದ್ದನ್ನು ಕಂಡವರು ಅಲ್ಲಿದ್ದರು, ಫ್ಯಾನನ್ನು ಹೊತ್ತುಕೊಂಡು ಹೋದವನೇ ಅಲ್ಲಿದ್ದ. ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಂಡರು. ಟೈಲರ್ ಯಾರ ಮುಖವನ್ನೂ ನೋಡಲಾರದೆ ಮೆಷಿನ್ ಹಿಡಿದುಕೊಂಡು ನಿಂತ. ಅಜ್ಜ ಹಗ್ಗ ಕೈಗೆ ಸುತ್ತಿಕೊಂಡ.

“ನಮ್ಮಪ್ಪ ಯಾವತ್ತೂ ಏನೂ ವಾಪಸ್ ಕೊಟ್ಟಿಲ್ಲ.”

ಮೆಟ್ಟಿಲ ಮೇಲಿಂದ ಮಗಳು ಎದ್ದು ನಿಂತಿದ್ದಳು.

ಅಜ್ಜ ತಿರುಗಿದ. “ಏನೂ ಕೊಟ್ಟಿಲ್ವಾ?”

“ಏನೂ ಇಲ್ಲ.”

“ಒಂದೂ?”

“ಒಂದೂ ಇಲ್ಲ ಅಜ್ಜಾ,” ಎಂದಳು ಹುಡುಗಿ. ಕಣ್ಣು ಅಜ್ಜನ ಮುಖ ಬಿಟ್ಟು ಕದಲಲಿಲ್ಲ.

ಹೆಂಡತಿ ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡಳು. ತಪ್ಪು ಲೆಕ್ಕವನ್ನು ಜನ್ಮದಲ್ಲಿ ಸುಮ್ಮನೆ ಬಿಡದ ಮೇಷ್ಟ್ರು ಅಂಗಡಿಯ ಸೂರು ನೋಡತೊಡಗಿದ. ಮಗನ ಎರಡಿಂಚು ಕಳೆದುಕೊಂಡ ಎದುರು ಮನೆಯಾಕೆಯೂ ಸುಮ್ಮನಿದ್ದಳು. ಅಜ್ಜ ಸಾಹೇಬರನ್ನು ಕೇಳಿದ, “ನಿಜಾನಾ ಸ್ವಾಮಿ? ನೀವು ಸರ್ಕಾರದವರು.”

ಸಾಹೇಬರು ಗಂಟಲು ಸರಿಮಾಡಿಕೊಂಡರು. ಮೂವತ್ತಾರರ ಪ್ಯಾಂಟು ಇನ್ನೂ ಅವರ ಕೈಯಲ್ಲೇ ಇತ್ತು. “ನಿಜ,” ಎಂದರು. “ಇಡೀ ಬೀದಿಗೇ ಗೊತ್ತಿರೋ ವಿಷಯ.”

ಅಜ್ಜ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದ. ಕುದುರೆಗಳ ಜೊತೆ ಬಾಳಿದ ಮುದುಕ. ಏನು ಅರ್ಥವಾಯಿತೋ ಏನು ಬಿಟ್ಟಿತೋ ಹೇಳಲಿಲ್ಲ. ಹಗ್ಗವನ್ನು ಮತ್ತೆ ಗೂಟಕ್ಕೆ ಕಟ್ಟಿ, ಮರಿಯ ಬೆನ್ನು ಸವರಿ, ಸಾಹೇಬರನ್ನೇ ಸಾಕ್ಷಿ ಮಾಡಿಕೊಂಡು ಮಾರಾಟ ಮುಗಿಸಿ ಹೋದ. ಜನ ಗುಸುಗುಸು ಎನ್ನುತ್ತ ಕರಗಿದರು.

ಮಗಳು ಬಂದು ಅಪ್ಪನ ಅಂಗಿ ಜಗ್ಗಿದಳು.

“ಅಪ್ಪಾ.”

“ಏನಮ್ಮ?”

“ಇದನ್ನ ವಾಪಸ್ ಕೊಟ್ರೆ ನಾನು ಹೇಳಿದ್ದು ಸುಳ್ಳಾಗತ್ತೆ.”

ಟೈಲರ್ ಬಾಯಿ ತೆರೆದ. ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ನೋಡಿದಳು.

“ಕೊಡಲ್ಲ,” ಎಂದ. ಅಷ್ಟೇ ಎಂದ.

ಹುಡುಗಿ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಎಷ್ಟಾದರೂ ಅವನ ಮಗಳೇ. ಆಮೇಲೆ ಹಿಂದೆ ಕಟ್ಟಿದ್ದ ಕೈ ಬಿಚ್ಚಿ, ಹೋಗಿ ಮರಿಯ ಕೊರಳನ್ನು ತಬ್ಬಿಕೊಂಡಳು.